ಆತ ಒಪ್ಪಿಕೊಳ್ಳುವವರೆಗೆ ಕಾಯಬೇಕೆ?

ಸಲಹಾರ್ಥಿಯ ಗುರುತು ಸಿಗದಂತೆ ಈ ಪ್ರಕರಣದಲ್ಲಿ ವಯಸ್ಸು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಾಯಿಸಲಾಗಿದೆ. ಸಮಸ್ಯೆಯ ಸ್ವರೂಪವನ್ನೂ ನೀಡಿದ ಸಲಹೆಯನ್ನೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಲೆಕ್ಕಪತ್ರ ವಿಭಾಗದಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ವಿಚ್ಛೇದನದ ತೀರ್ಪು ಬಂದು ಎಂಟು ತಿಂಗಳಾದ ಮೇಲೆ ಆಪ್ತಸಲಹೆಗೆ ಬಂದರು. ಹನ್ನೆರಡು ವರ್ಷಗಳ ದಾಂಪತ್ಯ. ಹತ್ತು ವರ್ಷದ ಮಗಳು ತಾಯಿಯೊಂದಿಗಿದ್ದು, ವಾರಾಂತ್ಯಗಳಲ್ಲಿ ತಂದೆಯ ಮನೆಗೆ ಹೋಗುತ್ತಾಳೆ. ಹಳೆಯ ಸಂದೇಶಗಳು, ಇಮೇಲ್‌ಗಳು, ದಿನಾಂಕ ಹಾಕಿ ಬರೆದಿಟ್ಟ ಜಗಳಗಳ ವಿವರ ಎಲ್ಲವನ್ನೂ ಒಂದು ದಪ್ಪ ಕಡತದಲ್ಲಿ ಜೋಡಿಸಿಕೊಂಡು ಬಂದಿದ್ದ ಅವರು, “ಇದನ್ನೆಲ್ಲ ಓದಿ, ಅವರು ನಾರ್ಸಿಸಿಸ್ಟ್ ಹೌದೋ ಅಲ್ಲವೋ ನೀವು ಹೇಳಬೇಕು. ಹೌದೆಂದು ಯಾರಾದರೂ ತಿಳಿದವರು ಹೇಳಿದರೆ ನನಗೆ ನಿದ್ರೆ ಬಂದೀತು” ಎಂದರು.

ಮಾಜಿ ಪತಿ ನಾರ್ಸಿಸಿಸ್ಟ್, ಅಂದರೆ ತನ್ನ ಬಗ್ಗೆಯೇ ಅತಿಯಾದ ಮೋಹವಿರುವ ಆತ್ಮರತಿಯ ವ್ಯಕ್ತಿ, ಎಂಬ ತೀರ್ಪನ್ನು ನಾನು ಕೊಡಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸುವ ರೋಗನಿರ್ಣಯ ಕೈಪಿಡಿ ಆತ್ಮರತಿಯ ವ್ಯಕ್ತಿತ್ವ ದೋಷವನ್ನು 1980ರ ಆವೃತ್ತಿಯಿಂದ ಪ್ರತ್ಯೇಕವಾಗಿ ಗುರುತಿಸುತ್ತ ಬಂದಿದೆ. 2013ರ ಆವೃತ್ತಿಯ ಪ್ರಕಾರ ತಾನೇ ದೊಡ್ಡವನೆಂಬ ಭಾವ, ಹೊಗಳಿಕೆಯ ತೀರದ ಹಸಿವು, ಇತರರನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವುದು, ಪರರ ನೋವು ತಟ್ಟದಿರುವುದು ಮೊದಲಾದ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದಾದರೂ ಬದುಕಿನ ಬೇರೆ ಬೇರೆ ಸಂದರ್ಭಗಳಲ್ಲಿ ಸ್ಥಿರವಾಗಿ ಕಾಣಿಸಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಹೆಸರಿನ ಪ್ರತ್ಯೇಕ ವಿಭಾಗವೇ ಇಲ್ಲ. ಅದು ವ್ಯಕ್ತಿತ್ವ ದೋಷ ಎಷ್ಟು ತೀವ್ರವಾಗಿದೆ ಎಂಬುದನ್ನು ಮುಖ್ಯವಾಗಿ ನೋಡುತ್ತದೆ. ಎದುರಿಗೆ ಕೂರಿಸಿ ಮಾತನಾಡಿಸದ ವ್ಯಕ್ತಿಗೆ, ಅದೂ ನೊಂದವರು ಆಯ್ದು ತಂದ ಕಾಗದಗಳ ಆಧಾರದ ಮೇಲೆ, ರೋಗದ ಹೆಸರು ಹಚ್ಚುವುದು ವೃತ್ತಿಧರ್ಮವಲ್ಲ. ಇದನ್ನು ಹೇಳಿದಾಗ ಅವರ ಮುಖ ಬಾಡಿತು. ಆದರೆ ಅವರಿಗೆ ಆದ ನೋವು ನಿಜವೆನ್ನಲು ಆತನ ಕಾಯಿಲೆಯ ಪ್ರಮಾಣಪತ್ರ ಬೇಕಾಗಿಲ್ಲ ಎಂಬುದನ್ನೂ ಅದೇ ಭೇಟಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಎರಡನೆಯ ಮಾತು ಅವರಿಗೆ ಒಗ್ಗಲು ಬಹಳ ಕಾಲ ಹಿಡಿಯಿತು.

ಮದುವೆಯಾದ ಹೊಸತರಲ್ಲಿ ಪತಿಯ ಗಮನವೆಲ್ಲ ಅವರ ಮೇಲೆಯೇ ಇತ್ತು. ಇಂಥ ಹೆಂಡತಿ ಯಾರಿಗೂ ಸಿಗಲಾರಳೆಂದು ಆತ ಬಂದವರೆದುರೆಲ್ಲ ಹೇಳುತ್ತಿದ್ದ. ಬರಬರುತ್ತ ತಿದ್ದುವುದು ಶುರುವಾಯಿತು: ನಗುವ ರೀತಿ, ಅತಿಥಿಗಳೊಂದಿಗೆ ಮಾತನಾಡುವ ರೀತಿ, ತಂಗಿಗೆ ಫೋನ್ ಮಾಡುವ ಹೊತ್ತು. ಆಡಿದ ಮಾತನ್ನು ಆಡಿಯೇ ಇಲ್ಲವೆನ್ನುವುದು, ನೆನಪಿಸಿದರೆ “ನಿನ್ನ ತಲೆ ನೆಟ್ಟಗಿಲ್ಲ” ಎನ್ನುವುದು, ದಿನಗಟ್ಟಲೆ ಮಾತು ಬಿಡುವುದು, ಅವರ ಸಂಬಳದ ಖಾತೆಯ ಪಾಸ್‌ವರ್ಡನ್ನು ತನ್ನ ಬಳಿಯೇ ಇಟ್ಟುಕೊಂಡು ಸಣ್ಣ ಖರ್ಚಿಗೂ ಕಾರಣ ಕೇಳುವುದು ಇವೆಲ್ಲ ಕ್ರಮೇಣ ಮನೆಯ ನಿಯಮಗಳಾದವು. ಕಚೇರಿಯಲ್ಲಿ ದೊಡ್ಡ ಮೊತ್ತಗಳ ಲೆಕ್ಕವನ್ನು ತಾಳೆ ನೋಡಿ ಸಹಿ ಹಾಕುತ್ತಿದ್ದವರು ಮನೆಗೆ ಬಂದರೆ ಅಂಗಡಿಯ ಚೀಟಿಯೊಂದನ್ನು ತೋರಿಸಲು ಅಂಜುತ್ತಿದ್ದರು. ನಡುನಡುವೆ ಯಾವ ಕಾರಣವೂ ಇಲ್ಲದೆ ಹಳೆಯ ಅಕ್ಕರೆ ಮರಳುತ್ತಿತ್ತು. ಒಂದು ವಾರ ಎಲ್ಲವೂ ಚೆನ್ನಾಗಿರುತ್ತಿತ್ತು.

ಆ ಚೆನ್ನಾದ ವಾರಗಳ ಬಗ್ಗೆ ನಾವು ಬಹಳ ಹೊತ್ತು ಮಾತನಾಡಿದೆವು, ಏಕೆಂದರೆ ಅವರ ನಾಚಿಕೆಯ ಬೇರು ಅಲ್ಲಿಯೇ ಇತ್ತು. “ಇಷ್ಟೆಲ್ಲ ಆದ ಮೇಲೂ ಅವರ ನೆನಪಾಗಿ ಅಳು ಬರುತ್ತದೆ. ಓದಿದವಳಾಗಿ ನನಗೆ ಇಷ್ಟೂ ಬುದ್ಧಿ ಇಲ್ಲವೇ?” ಎಂದು ಅವರು ಪದೇ ಪದೇ ಕೇಳುತ್ತಿದ್ದರು. ಪ್ರತಿಫಲ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದಾಗ ಕಲಿತ ನಡವಳಿಕೆಯನ್ನು ಬಿಡುವುದು ಹೆಚ್ಚು ಕಷ್ಟವೆಂಬುದನ್ನು ವರ್ತನಾ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಸಂಶೋಧಕರಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಹಿಂಸೆಯ ದಾಂಪತ್ಯವನ್ನು ವಿವರಿಸುತ್ತ, ಅಧಿಕಾರ ಒಬ್ಬರ ಕೈಯಲ್ಲೇ ಇದ್ದು ಕ್ರೌರ್ಯ ಮತ್ತು ಅಕ್ಕರೆ ಒಂದರ ಹಿಂದೊಂದು ಬರುತ್ತಿದ್ದರೆ ನಂಟು ಸಡಿಲವಾಗುವ ಬದಲು ಬಿಗಿಯಾಗುತ್ತದೆ ಎಂದರು. ಹೀಗಾಗಿ ಆ ಅಳು ಮೂರ್ಖತನದ ಲಕ್ಷಣವಲ್ಲ, ಅದನ್ನು ಹಿಂದಿರುಗಿ ಹೋಗಬೇಕೆಂಬ ಸೂಚನೆಯೆಂದು ಓದಿಕೊಳ್ಳಬೇಕಾಗಿಯೂ ಇಲ್ಲ ಎಂದು ವಿವರಿಸಿದೆ.

ಆಗ ಅವರಿಗಿದ್ದ ತೊಂದರೆಗಳು ಮೂರು ಬಗೆಯವಾಗಿದ್ದವು. ರಾತ್ರಿ ಮಲಗಿದೊಡನೆ ಮನಸ್ಸಿನಲ್ಲಿ ಆತನೊಂದಿಗೆ ವಾದ ಆರಂಭವಾಗುತ್ತಿತ್ತು, ಅದರಲ್ಲಿ ಅವರು ಗೆದ್ದರೂ ಬೆಳಗಾಗುವಷ್ಟರಲ್ಲಿ ಸುಸ್ತಾಗಿರುತ್ತಿದ್ದರು. ಕೋಣೆಗೆ ಪರದೆ ಆರಿಸುವಂಥ ಸಣ್ಣ ವಿಷಯವನ್ನೂ ನಾಲ್ಕು ಜನರನ್ನು ಕೇಳದೆ ನಿರ್ಧರಿಸಲಾಗುತ್ತಿರಲಿಲ್ಲ. ಇದಲ್ಲದೆ, ಸಿಟ್ಟು ಬಂದಾಗಲೆಲ್ಲ ತಾವೇ ನಾರ್ಸಿಸಿಸ್ಟ್ ಇರಬಹುದೇ ಎಂಬ ಭಯ ಕಾಡುತ್ತಿತ್ತು. ಇಂಥ ಸಂಬಂಧದಿಂದ ಹೊರಬಂದವರಲ್ಲಿ ಈ ಭಯ ನಾನು ಕಂಡಂತೆ ಅಪರೂಪದ್ದಲ್ಲ. ವರ್ಷಗಟ್ಟಲೆ ತಪ್ಪು ನಿನ್ನದೇ ಎಂದು ಕೇಳಿಸಿಕೊಂಡವರು ಆ ಧ್ವನಿ ನಿಂತ ಮೇಲೆ ಅದರ ಕೆಲಸವನ್ನು ತಾವೇ ಮುಂದುವರಿಸುತ್ತಾರೆ.

ಕಡತದ ವಿಷಯದಲ್ಲಿ ನನ್ನ ಸಲಹೆ ಹೀಗಿತ್ತು: ಮಗಳ ಭೇಟಿ ಮತ್ತು ಹಣದ ವ್ಯವಹಾರಕ್ಕೆ ಬೇಕಾದ ಕಾಗದಗಳ ಪ್ರತಿಯನ್ನು ವಕೀಲರಿಗೆ ಕೊಡಿ, ಉಳಿದುದನ್ನು ನಾಶಮಾಡದೆ ತಂಗಿಯ ಮನೆಯಲ್ಲಿಡಿ, ಹೊಸ ಪುಟಗಳನ್ನು ಸೇರಿಸಬೇಡಿ. ಇದಕ್ಕೆ ಅವರು ಒಡನೆ ಒಪ್ಪಲಿಲ್ಲ. ಎಂದಾದರೂ ಆತ ಅದನ್ನು ಓದಿ ತಪ್ಪಾಯಿತೆಂದು ಹೇಳಬಹುದು ಎಂಬ ಆಸೆ ಅವರಲ್ಲಿತ್ತು, ಆ ಆಸೆಯೇ ಬದುಕನ್ನು ತಡೆಹಿಡಿದಿತ್ತು. ವಸೂಲಾಗದ ಸಾಲವನ್ನು ನಿಮ್ಮ ಕಚೇರಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಸಾಲಗಾರನ ಒಪ್ಪಿಗೆ ಕೇಳದೆಯೇ ಅದನ್ನು ನಷ್ಟದ ಲೆಕ್ಕಕ್ಕೆ ಹಾಕುತ್ತೇವೆ, ಹಾಗೆ ಹಾಕಿದ ಮಾತ್ರಕ್ಕೆ ಸಾಲ ಇರಲೇ ಇಲ್ಲವೆಂದಾಗುವುದಿಲ್ಲ ಎಂದು ಅವರೇ ಉತ್ತರಿಸಿ, ಸ್ವಲ್ಪ ಹೊತ್ತು ಸುಮ್ಮನಾದರು. ಮುಂದಿನ ಭೇಟಿಯ ಹೊತ್ತಿಗೆ ಕಡತ ತಂಗಿಯ ಮನೆ ಸೇರಿತ್ತು.

ನಿರ್ಧಾರಶಕ್ತಿಯ ವಿಷಯದಲ್ಲಿ ಉಪದೇಶಕ್ಕಿಂತ ಅಭ್ಯಾಸ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ನಂಬಿಕೆ. ಪ್ರತಿದಿನ ಯಾರನ್ನೂ ಕೇಳದೆ ಒಂದು ಸಣ್ಣ ತೀರ್ಮಾನ ಮಾಡಿ, ಅದನ್ನೂ ಅದರ ಕಾರಣವನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟು, ಮತ್ತೆ ಅದರ ವಿಚಾರಣೆ ನಡೆಸಬಾರದೆಂದು ಹೇಳಿದೆ. ‘ನನಗೆ ಇಷ್ಟವಾಯಿತು’ ಎಂಬುದೂ ಸಾಕಷ್ಟು ಕಾರಣವೆಂದು ಒಪ್ಪಿಸಲು ಪ್ರಯಾಸವಾಯಿತು. ಆರಂಭದ ಪುಟಗಳಲ್ಲಿ ಪ್ರತಿ ತೀರ್ಮಾನಕ್ಕೂ ನ್ಯಾಯಾಲಯಕ್ಕೆ ಸಲ್ಲಿಸುವಂಥ ಸಮರ್ಥನೆಗಳಿದ್ದವು. ನಂತರದ ಪುಟಗಳಲ್ಲಿ ಸಾಲುಗಳು ಗಿಡ್ಡವಾದವು, ಕೆಲವು ದಿನ ಕಾರಣವೇ ಇರಲಿಲ್ಲ. ಆಗಲೇ ಪರದೆಯೂ ಬಂತು, ಗಾಢ ಹಳದಿ ಬಣ್ಣದ್ದು. ತಂಗಿಗೆ ಅದು ಹಿಡಿಸಲಿಲ್ಲವಂತೆ.

ಮಗಳಿರುವುದರಿಂದ ಮಾಜಿ ಪತಿಯೊಂದಿಗೆ ಸಂಪರ್ಕವನ್ನು ಪೂರ್ತಿ ಕಡಿದುಕೊಳ್ಳುವ ಹಾಗಿರಲಿಲ್ಲ. ಆದ್ದರಿಂದ ಮಾತೆಲ್ಲ ಲಿಖಿತವಾಗಿ, ಮಗಳ ವಿಷಯಕ್ಕೆ ಸೀಮಿತವಾಗಿ, ತುರ್ತಿಲ್ಲದಿದ್ದರೆ ಉತ್ತರಕ್ಕೆ ಒಂದು ದಿನ ತಡೆದು, ಆರೋಪಕ್ಕೆ ಉತ್ತರವಿಲ್ಲದಂತೆ ನಡೆಯಬೇಕೆಂದು ನಿಯಮ ಮಾಡಿಕೊಂಡೆವು. ಇಂಥ ಗೆರೆ ಎಳೆದಾಗ ಎದುರಿನವರ ಒತ್ತಡ ಕಡಿಮೆಯಾಗುವ ಮೊದಲು ಸ್ವಲ್ಪ ಕಾಲ ಹೆಚ್ಚುವುದುಂಟು, ಅದನ್ನು ಕಂಡು ಉಪಾಯ ಫಲಿಸಲಿಲ್ಲವೆಂದು ಕೈಬಿಡಬಾರದು ಎಂದು ಮೊದಲೇ ಎಚ್ಚರಿಸಿದ್ದೆ. ಸಂದೇಶಗಳ ಸಂಖ್ಯೆ ಹೆಚ್ಚೇ ಆಯಿತು, ಪರಿಚಿತರ ಮೂಲಕ ದೂರುಗಳೂ ಬಂದವು. ಪರಿಚಿತರಿಗೆ ಸಮಜಾಯಿಷಿ ಕೊಡುತ್ತ ಹೋಗಬೇಡಿ, ನಂಬುವ ಇಬ್ಬರು ಮೂವರಿಗೆ ವಿಷಯ ಗೊತ್ತಿದ್ದರೆ ಸಾಕು ಎಂದೆ. ಇದು ಹೇಳಿದಷ್ಟು ಸುಲಭವಲ್ಲವೆಂಬುದು ನನಗೂ ಗೊತ್ತು. ಇಲ್ಲಿ ಒಂದು ಮಾತನ್ನು ಸೇರಿಸಬೇಕು: ಬೆದರಿಕೆ, ಹಿಂಬಾಲಿಸುವಿಕೆ, ಹಲ್ಲೆಯ ಸುಳಿವು ಇದ್ದ ಪ್ರಕರಣಗಳಲ್ಲಿ ಈ ಬಗೆಯ ತಾಳ್ಮೆಯ ನಿಯಮಗಳು ಸಾಲವು, ಅಲ್ಲಿ ಮೊದಲು ಪೊಲೀಸ್ ಮತ್ತು ಕಾನೂನಿನ ರಕ್ಷಣೆ, ಸಲಹೆ ಆಮೇಲೆ.

ಮಗಳ ಬಗ್ಗೆ ಅವರು ಕೇಳಿದ್ದು, “ಅವಳಿಗೆ ಸತ್ಯ ಹೇಳಬೇಡವೇ?” ಎಂದು. ಹತ್ತು ವರ್ಷದ ಮಗುವಿಗೆ ತಂದೆಯ ಮೇಲೆ ಪ್ರೀತಿ ಇರುವುದು ಸಹಜ, ಅದನ್ನು ತಾಯಿಗೆ ಮಾಡಿದ ದ್ರೋಹವೆಂದು ಅವಳಿಗೆ ಅನ್ನಿಸಬಾರದು. ಅಲ್ಲಿಂದ ಬಂದೊಡನೆ ಏನಾಯಿತು, ಯಾರಿದ್ದರು ಎಂದು ವಿಚಾರಿಸಬೇಡಿ, ಅವಳ ಕೈಯಲ್ಲಿ ಸಂದೇಶ ಕಳಿಸಬೇಡಿ, ತಂದೆಯನ್ನು ಸುಳ್ಳೇ ಹೊಗಳಲೂ ಹೋಗಬೇಡಿ ಎಂದೆ. “ಅಪ್ಪ ಹಾಗೆ ಹೇಳಿಯೇ ಇಲ್ಲವಂತೆ, ನಾನೇ ತಪ್ಪು ಕೇಳಿಸಿಕೊಂಡೆನಂತೆ” ಎಂದು ಅವಳೊಮ್ಮೆ ಅಳುತ್ತ ಬಂದಾಗ ತಾಯಿ ಆತನನ್ನು ಹಳಿಯದೆ, “ನಿನಗೆ ಹೇಗೆ ಕೇಳಿಸಿತೋ ಅದನ್ನು ಹೇಳು, ನಾನು ನಂಬುತ್ತೇನೆ” ಎಂದರಂತೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ವರದಿ ಇದು, ಏಕೆಂದರೆ ಈ ಉತ್ತರವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಐದಾರು ತಿಂಗಳು ಕಳೆದ ಮೇಲೆ ಅವರು ಕಾಯುತ್ತಿದ್ದ ಪತ್ರ ಬಂದೇ ಬಂತು. ‘ನಾನು ನಿನ್ನನ್ನು ಬಹಳ ನೋಯಿಸಿದೆ’ ಎಂದು ಆರಂಭವಾಗುವ ದೀರ್ಘ ಇಮೇಲ್ ಅದು. ಎರಡು ದಿನ ಅವರು ಕಚೇರಿಗೆ ಹೋಗಲಿಲ್ಲ. ರಾತ್ರಿಯ ವಾದಗಳು ಹೊಸ ಹುರುಪಿನಲ್ಲಿ ಮರಳಿದವು. ಉತ್ತರ ಬರೆಯುವ ಮೊದಲು ಅದನ್ನು ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಓದೋಣವೆಂದೆ: ಯಾವ ತಪ್ಪನ್ನು ನಿರ್ದಿಷ್ಟವಾಗಿ ಹೆಸರಿಸಿದ್ದಾನೆ, ಅದನ್ನು ಸರಿಪಡಿಸಲು ಈಗಾಗಲೇ ಏನು ಮಾಡಿದ್ದಾನೆ, ಪ್ರತಿಯಾಗಿ ಏನು ಕೇಳುತ್ತಿದ್ದಾನೆ. ಮೊದಲ ಎರಡಕ್ಕೆ ಪತ್ರದಲ್ಲಿ ಉತ್ತರ ಸಿಗಲಿಲ್ಲ. ಮೂರನೆಯದಕ್ಕೆ ಎರಡು ಪ್ಯಾರಾಗಳಿದ್ದವು. ಅವರೂ ಕ್ಷಮೆ ಕೇಳಬೇಕು, ಜಂಟಿ ಸಾಲದ ಕಂತಿನ ವಿಷಯದಲ್ಲಿ ವಕೀಲರನ್ನು ದೂರವಿಡಬೇಕು ಎಂಬುದೇ ಅದರ ಸಾರವಾಗಿತ್ತು. ಪಶ್ಚಾತ್ತಾಪ ಸುಳ್ಳೆಂದು ನಾನು ಹೇಳಲಿಲ್ಲ. ಅದನ್ನು ನಿರ್ಧರಿಸುವ ಅಗತ್ಯ ಅವರಿಗೂ ಇರಲಿಲ್ಲ. ಅವರು ಮಗಳ ರಜೆಯ ದಿನಾಂಕಗಳ ಬಗ್ಗೆ ಮೂರು ಸಾಲು ಬರೆದು ಕಳಿಸಿದರು, ಸಾಲದ ಪ್ಯಾರಾವನ್ನು ವಕೀಲರಿಗೆ ರವಾನಿಸಿದರು.

ಆ ವಾರದಲ್ಲಿ ನಿದ್ರೆ ಪೂರ್ತಿ ಕೆಟ್ಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ನಿದ್ರಾಹೀನತೆ ವಾರಗಟ್ಟಲೆ ಮುಂದುವರಿದರೆ, ನಡೆದ ಘಟನೆಗಳು ಕಣ್ಣೆದುರೇ ಮತ್ತೆ ನಡೆಯುತ್ತಿರುವಂತೆ ಮರುಕಳಿಸುತ್ತಿದ್ದರೆ ಮಾತಿನ ಚಿಕಿತ್ಸೆಯೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಬದುಕು ಬೇಡವೆನ್ನಿಸಿದರಂತೂ ಒಂದು ದಿನವೂ ತಡಮಾಡಬಾರದು.

ಹೊಸ ಸಂಬಂಧದ ಪ್ರಶ್ನೆಯನ್ನು ಅವರ ತಂಗಿ ಎತ್ತಿದ್ದರಂತೆ. ಅದಕ್ಕೆ ಗಡುವಿಲ್ಲ, ಬೇಡವೆಂದರೂ ಕೊರತೆಯಿಲ್ಲ ಎಂದೆ. ಮುಂದೆಂದಾದರೂ ಯಾರಾದರೂ ಹತ್ತಿರವಾದರೆ ಅವರ ಹೊಗಳಿಕೆಗಿಂತ, ಸಣ್ಣ ವಿಷಯವೊಂದಕ್ಕೆ ‘ಬೇಡ’ ಎಂದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ ಎಂದಷ್ಟೇ ಹೇಳಿದೆ.

ಈಗ ಭೇಟಿಗಳು ಎರಡು ತಿಂಗಳಿಗೊಮ್ಮೆ ನಡೆಯುತ್ತಿವೆ. ಖಾತೆಗಳ ಪಾಸ್‌ವರ್ಡ್‌ಗಳು ಬದಲಾಗಿವೆ, ಜಂಟಿ ಸಾಲದ ವ್ಯಾಜ್ಯ ಇನ್ನೂ ತೀರಿಲ್ಲ. ರಾತ್ರಿಯ ವಾದ ಪೂರ್ತಿ ನಿಂತಿಲ್ಲವಾದರೂ, ನಡುವೆ ಎದ್ದು ದೀಪ ಹಾಕಿ ಬೇರೇನಾದರೂ ಓದಲು ಸಾಧ್ಯವಾಗುತ್ತಿದೆ ಎನ್ನುತ್ತಾರೆ. ಕಚೇರಿಯಲ್ಲಿ ಬಡ್ತಿಯೊಂದಿಗೆ ಬೇರೆ ಶಾಖೆಗೆ ಹೋಗುವ ಅವಕಾಶ ಬಂದಿದ್ದನ್ನು, ಮಗಳ ಶಾಲೆಯ ಕಾರಣಕ್ಕೆ ಬೇಡವೆಂದು ತಿಳಿಸಿದ ಮೇಲೆಯೇ ಅವರು ನನಗೆ ಹೇಳಿದರು. ನಾನಾಗಿದ್ದರೆ ಹೋಗುತ್ತಿದ್ದೆನೇನೋ, ಅವರು ನನ್ನ ಅಭಿಪ್ರಾಯ ಕೇಳಲಿಲ್ಲ.