ಯೆಹೂದ್ಯರ ಪ್ರಾಣಿಬಲಿ ಯೆರೂಸಲೇಮಿನಲ್ಲಿ ಮಾತ್ರ ಎಂದಿದ್ದರೆ ಬೈಬಲಿನ ಪ್ರವಾದಿ ಸಮುವೇಲ, ಅರಸ ಸೊಲೊಮೋನ, ಪ್ರವಾದಿ ಎಲೀಯ ಬೇರೆ ಕಡೆ ಕೊಟ್ಟಿದ್ದು ಹೇಗೆ? ಈಗ ಯಾಕೆ ಎಲ್ಲೂ ಕೊಡುವುದಿಲ್ಲ?

ನೀವು ಕೇಳಿದ ಮೂವರಲ್ಲಿ ಇಬ್ಬರು ನಿಯಮ ಮುರಿದವರೇ ಅಲ್ಲ. ರಾಮಾದಲ್ಲಿ ಯಜ್ಞವೇದಿ ಕಟ್ಟಿದ ಸಮುವೇಲನ ಕಾಲಕ್ಕಾಗಲಿ, ಗಿಬ್ಯೋನಿನಲ್ಲಿ ಸಾವಿರ ಸರ್ವಾಂಗಹೋಮ (ಪ್ರಾಣಿಯನ್ನು ಪೂರ್ತಿ ಸುಡುವ ಬಲಿ) ಮಾಡಿಸಿದ ಸೊಲೊಮೋನನ ಕಾಲಕ್ಕಾಗಲಿ ಯೆರೂಸಲೇಮಿನ ದೇವಾಲಯ ಎದ್ದಿರಲೇ ಇಲ್ಲ. ಕರ್ಮೆಲ್ ಬೆಟ್ಟದ ಎಲೀಯನದು ಮಾತ್ರ ನಿಜವಾದ ಅಪವಾದ. ಅವನ ಮಾತಿಗೆ ಆಮೇಲೆ ಬರುತ್ತೇನೆ.

ಗೊಂದಲ ಹುಟ್ಟುವುದು ತೋರಾದೊಳಗೇ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳೊಳಗೇ. ವಿಮೋಚನಕಾಂಡ 20ರಲ್ಲಿ ಮಣ್ಣಿನ ವೇದಿ ಮಾಡಿ, ಕಲ್ಲಿನದಾದರೆ ಉಳಿ ಮುಟ್ಟಿಸದ ಕಲ್ಲಿರಲಿ, ನನ್ನ ಹೆಸರನ್ನು ನೆನಪಿಗೆ ತರುವ ಎಲ್ಲ ಸ್ಥಳಗಳಲ್ಲೂ ನಾನು ಬಂದು ಆಶೀರ್ವದಿಸುತ್ತೇನೆ ಎಂಬ ಮಾತಿದೆ. ಧರ್ಮೋಪದೇಶಕಾಂಡ 12ಕ್ಕೆ ಬಂದರೆ ಕಂಡಕಂಡ ಕಡೆ ಅರ್ಪಿಸಬೇಡಿ, ದೇವರು ಆರಿಸಿಕೊಳ್ಳುವ ಒಂದೇ ಸ್ಥಳದಲ್ಲಿ ಅರ್ಪಿಸಿ ಎನ್ನುತ್ತದೆ. ಆ ಸ್ಥಳ ಯಾವುದೆಂದು ಹೆಸರಿಸುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯೆಹೂದ್ಯ ಕಾನೂನಿನ ಸಂಗ್ರಹ ಮಿಷ್ನಾದಲ್ಲಿ ರಬ್ಬಿಗಳು, ಅಂದರೆ ಧರ್ಮಗುರುಗಳು, ಈ ಎರಡನ್ನೂ ಕಾಲಕ್ಕೆ ತಕ್ಕಂತೆ ಹಂಚಿ ಹೊಂದಿಸುತ್ತಾರೆ. ಅರಣ್ಯದ ಅಲೆದಾಟದಲ್ಲಿ ಹೊತ್ತೊಯ್ಯುತ್ತಿದ್ದ ಪೂಜೆಯ ಡೇರೆ, ಅಂದರೆ ದೇವದರ್ಶನದ ಗುಡಾರ, ಏಳುವ ಮುಂಚೆ ಊರೂರಿನ ವೇದಿಗಳಿಗೆ ಅನುಮತಿ ಇತ್ತು. ಪೂಜೆ ಚೊಚ್ಚಲ ಮಕ್ಕಳದು. ಈ ವೇದಿಗೆ ಹೀಬ್ರೂವಿನಲ್ಲಿ ‘ಬಾಮಾ’ ಎನ್ನುತ್ತಾರೆ, ಕನ್ನಡ ಬೈಬಲಿನಲ್ಲಿ ‘ಪೂಜಾಸ್ಥಳ’. ಗುಡಾರ ಎದ್ದ ಮೇಲೆ ಬಾಮಾ ನಿಷೇಧ, ಪೂಜೆ ಯಾಜಕರಿಗೆ. ಕಾನಾನಿಗೆ ಬಂದು ಗಿಲ್ಗಾಲಿನಲ್ಲಿದ್ದ 14 ವರ್ಷ ಮತ್ತೆ ಅನುಮತಿ. ಗುಡಾರ ಶೀಲೋ ಊರಲ್ಲಿ ನೆಲೆಸಿದ 369 ವರ್ಷ ನಿಷೇಧ. ಶೀಲೋ ಹಾಳಾದ ಮೇಲೆ ನೋಬ್ ಮತ್ತು ಗಿಬ್ಯೋನಿನ 57 ವರ್ಷ ಇನ್ನೊಮ್ಮೆ ಅನುಮತಿ. ಸಮುವೇಲ, ಸೊಲೊಮೋನ ಇಬ್ಬರೂ ಬರುವುದು ಇಲ್ಲಿಗೇ. ಯೆರೂಸಲೇಮಿನ ದೇವಾಲಯ ಎದ್ದ ಮೇಲೆ ಶಾಶ್ವತ ನಿಷೇಧ. ದೇವಾಲಯ ಬಿದ್ದರೂ ಬಾಮಾಕ್ಕೆ ಅನುಮತಿ ಮರಳುವುದಿಲ್ಲ.

ವರ್ಷಗಳ ಲೆಕ್ಕ ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದಿನದು. ಅರಣ್ಯದ 39 ವರ್ಷ ಮತ್ತು ಗುಡಾರಕ್ಕೆ ಮುಂಚಿನ ಒಂದು ವರ್ಷ ಸೇರಿಸಿದರೆ ಸರಿಯಾಗಿ 480 ಬರುತ್ತದೆ. ಐಗುಪ್ತದಿಂದ ಹೊರಟಾಗಿನಿಂದ ದೇವಾಲಯದ ಕೆಲಸ ಶುರುವಾಗುವವರೆಗೆ ಅರಸುಗಳ ಗ್ರಂಥ ಕೊಡುವ ಸಂಖ್ಯೆಯೂ ಅದೇ. ಮೊತ್ತ ಮೊದಲೇ ಗೊತ್ತಿತ್ತು, ಬಾಬತ್ತುಗಳನ್ನು ಆಮೇಲೆ ತುಂಬಿದರು ಎಂದೇ ನನಗನ್ನಿಸುತ್ತದೆ. ಇದನ್ನು ಕಾನೂನಿನ ಚೌಕಟ್ಟಾಗಿ ಓದಿ, ಇತಿಹಾಸದ ದಾಖಲೆಯಾಗಿ ಬೇಡ.

ಅನುಮತಿ ಇದ್ದ ಕಾಲದಲ್ಲೂ ಎಲ್ಲ ಬಲಿಯನ್ನೂ ಮನೆ ಹತ್ತಿರ ಕೊಡುವಂತಿರಲಿಲ್ಲ. ದೊಡ್ಡ ಬಾಮಾ ಎಂದರೆ ಸಮುದಾಯದ್ದು, ಗಿಬ್ಯೋನಿನಂಥದ್ದು. ಸಣ್ಣ ಬಾಮಾ ಅವರವರ ಸ್ವಂತದ್ದು. ಸಣ್ಣದರಲ್ಲಿ ಹರಕೆಯ ಅಥವಾ ಸ್ವಇಚ್ಛೆಯ ಬಲಿ ಮಾತ್ರ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಕುರಿ ಅಲ್ಲಿ ಸಲ್ಲದು. ಅಲ್ಲಿ ಯಾಜಕ ಬೇಕಿಲ್ಲ, ಯಾಜಕವಸ್ತ್ರ ಬೇಕಿಲ್ಲ, ಕೈಕಾಲು ತೊಳೆಯುವ ವಿಧಿಯೂ ಇಲ್ಲ. ಆದರೆ ಮಾಂಸವನ್ನು ಗಡುವಿನೊಳಗೆ ತಿಂದು ಮುಗಿಸುವ ನಿಯಮಕ್ಕೆ ಅಲ್ಲೂ ರಿಯಾಯಿತಿ ಇರಲಿಲ್ಲ.

ಇನ್ನು ಯೆರೂಸಲೇಮ್. ಅಲ್ಲಿಗೆ ಹೋದರೂ ‘ಎಲ್ಲಿ’ ಎಂಬ ಪ್ರಶ್ನೆ ಮುಗಿಯುವುದಿಲ್ಲ. ಹೆಚ್ಚಿನವರು ಗಮನಿಸದ ಭಾಗ ಇದೇ. ಮಿಷ್ನಾ ಕೊಡುವ ಅಳತೆಯಂತೆ ಬಲಿಯ ಅಂಗಳ ಪೂರ್ವ ಪಶ್ಚಿಮವಾಗಿ 187 ಮೊಳ, ಉತ್ತರ ದಕ್ಷಿಣವಾಗಿ 135 ಮೊಳ. ಮೊಳ ಎಂದರೆ ಹೆಚ್ಚುಕಡಿಮೆ ಅರ್ಧ ಮೀಟರ್. ಯಜ್ಞವೇದಿಯ ತಳ 32 ಮೊಳದ ಚೌಕ, ಬೆಂಕಿ ಉರಿಯುವ ಜಾಗ 24 ಮೊಳದ ಚೌಕ, ಮೂಲೆಯ ಕೊಂಬುಗಳೂ ಸೇರಿ ಎತ್ತರ 10 ಮೊಳ. ಮೆಟ್ಟಿಲು ಕೂಡದು, ಹಾಗಾಗಿ ದಕ್ಷಿಣದಿಂದ 32 ಮೊಳ ಉದ್ದದ ಇಳಿಜಾರು. ವೇದಿಯ ನಡುಮಟ್ಟದಲ್ಲಿ ಸುತ್ತಲೂ ಒಂದು ಕೆಂಪು ಗೆರೆ.

ಸರ್ವಾಂಗಹೋಮ, ದೋಷಪರಿಹಾರಕ ಯಜ್ಞಗಳಂಥ ಅತಿಪವಿತ್ರ ಬಲಿಗಳನ್ನು ವೇದಿಯ ಉತ್ತರಕ್ಕೇ ಕೊಯ್ಯಬೇಕು. ಅಲ್ಲಿ ಪ್ರಾಣಿಯನ್ನು ಅಲುಗದಂತೆ ಹಿಡಿಯಲು ನೆಲದಲ್ಲಿ 24 ಉಂಗುರ, ಸುಲಿಯಲು ಕೊಕ್ಕೆ ಹೊಡೆದ 8 ಗಿಡ್ಡ ಕಂಬ, ಕರುಳು ತೊಳೆಯಲು ಅಮೃತಶಿಲೆಯ 8 ಮೇಜು. ಮಾಂಸವನ್ನು ಕೊಟ್ಟವರೂ ತಿನ್ನುವ ಸಮಾಧಾನಯಜ್ಞವನ್ನು ಅಂಗಳದಲ್ಲಿ ಎಲ್ಲಾದರೂ ಕೊಯ್ಯಬಹುದು.

ರಕ್ತದ ಜಾಗ ಇನ್ನೂ ಬಿಗಿ. ದೋಷಪರಿಹಾರಕ್ಕೆ ತಂದ ಪ್ರಾಣಿಯ ರಕ್ತವನ್ನು ಯಾಜಕ ಬೆರಳಿನಿಂದ ನಾಲ್ಕೂ ಕೊಂಬಿಗೆ, ಅಂದರೆ ಗೆರೆಯ ಮೇಲೆ, ಹಚ್ಚಬೇಕು. ಸರ್ವಾಂಗಹೋಮದ್ದನ್ನು ಗೆರೆಯ ಕೆಳಗೆ ಈಶಾನ್ಯ ಮತ್ತು ನೈಋತ್ಯ ಮೂಲೆಗಳಲ್ಲಿ ಎರಚಬೇಕು. ಒಂದೊಂದು ಎರಚಿಗೆ ಎರಡೆರಡು ಬದಿ ತಗುಲಿ ನಾಲ್ಕೂ ಬದಿಗೆ ರಕ್ತ ಸಿಗುತ್ತದೆ. ಆ ಎರಡೇ ಮೂಲೆ ಏಕೆಂದರೆ ಆ ರಕ್ತ ಬೀಳುವ ಕಡೆ ಕೆಳಗೆ ತಳದ ಕಟ್ಟೆ ಇರಬೇಕು. ಕಟ್ಟೆ ಉತ್ತರ ಮತ್ತು ಪಶ್ಚಿಮಕ್ಕೆ ಪೂರ್ತಿ ಇತ್ತು, ದಕ್ಷಿಣ ಮತ್ತು ಪೂರ್ವಕ್ಕೆ ಒಂದೊಂದೇ ಮೊಳ ತಿರುಗಿ ನಿಲ್ಲುತ್ತಿತ್ತು. ಆಗ್ನೇಯ ಮೂಲೆಗೆ ಕಟ್ಟೆಯೇ ಇಲ್ಲ. ಎದುರುಬದುರು ಮೂಲೆಗಳ ಜೋಡಿಯಲ್ಲಿ ಕಟ್ಟೆ ಇರುವುದು ಈ ಎರಡಕ್ಕೇ. ಉಳಿದ ರಕ್ತ ನೈಋತ್ಯದ ಎರಡು ಸಣ್ಣ ರಂಧ್ರಗಳ ಮೂಲಕ ಕಾಲುವೆಗಿಳಿದು ಕಿದ್ರೋನ್ ಹಳ್ಳಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ತೋಟದವರಿಗೆ ಗೊಬ್ಬರವಾಗಿ ಮಾರುತ್ತಿದ್ದರು.

ಪಸ್ಕದ ದಿನ ಜನಜಂಗುಳಿ. ಮೂರು ತಂಡಗಳಾಗಿ ಒಳಗೆ ಬಿಡುತ್ತಿದ್ದರು. ಯಾಜಕರು ಸಾಲಾಗಿ ನಿಂತು ರಕ್ತದ ಬೋಗುಣಿಯನ್ನು ಕೈಯಿಂದ ಕೈಗೆ ದಾಟಿಸಬೇಕು. ಆ ಬೋಗುಣಿಗಳಿಗೆ ಚಪ್ಪಟೆ ತಳ ಇರಲಿಲ್ಲ; ಯಾರಾದರೂ ಕೆಳಗಿಟ್ಟುಬಿಟ್ಟರೆ ರಕ್ತ ಹೆಪ್ಪುಗಟ್ಟಿ ಕೆಟ್ಟೀತೆಂದು. ಕೊಕ್ಕೆ ಸಿಗದವರು ನಯವಾದ ಕೋಲನ್ನು ತಮ್ಮ ಹೆಗಲಿಂದ ಪಕ್ಕದವನ ಹೆಗಲಿಗಿಟ್ಟು ಕುರಿಯನ್ನು ಅದಕ್ಕೆ ತೂಗಿಹಾಕಿ ಸುಲಿಯುತ್ತಿದ್ದರು.

ತಿನ್ನುವುದಕ್ಕೂ ಗಡಿಯಿದೆ. ದೋಷಪರಿಹಾರಕದ ಮಾಂಸವನ್ನು ಯಾಜಕ ಗಂಡಸರು ಅಂಗಳದೊಳಗೇ, ಆ ಹಗಲು ಮತ್ತು ರಾತ್ರಿ ನಡುರಾತ್ರಿಯೊಳಗೆ ತಿನ್ನಬೇಕು. ಸಮಾಧಾನಯಜ್ಞದ್ದನ್ನು ಯೆರೂಸಲೇಮಿನ ಗೋಡೆಯೊಳಗೆ ಎಲ್ಲಾದರೂ, ಎರಡು ಹಗಲು ಒಂದು ರಾತ್ರಿಯವರೆಗೆ. ಗಡಿ ದಾಟಿ ಹೊರಬಿದ್ದ ಮಾಂಸ ಅಸಿಂಧು. ಶೀಲೋವಿನ ಕಾಲಕ್ಕೆ ಇದಕ್ಕೆ ಗೋಡೆಯ ಲೆಕ್ಕವಿರಲಿಲ್ಲ, ಶೀಲೋ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಎಲ್ಲಿ ಕೂತು ತಿಂದರೂ ಸರಿಯೇ. ನನಗೆ ತುಂಬ ಇಷ್ಟವಾದ ನಿಯಮ ಇದು.

ತಪ್ಪು ಕೈಯಿಂದಲೇ ಆಗಬೇಕೆಂದಿಲ್ಲ. ಕೊಯ್ಯುವಾಗ ‘ಇದನ್ನು ಹೊರಗೆ ಒಯ್ದು ತಿನ್ನುತ್ತೇನೆ’ ಎಂದು ಮನಸ್ಸಿನಲ್ಲಿ ನೆನೆದರೂ ಬಲಿ ಕೆಟ್ಟಿತು. ‘ಗಡುವು ಮೀರಿ ತಿನ್ನುತ್ತೇನೆ’ ಎಂದು ನೆನೆದದ್ದಾದರೆ ಇನ್ನೂ ಕಠಿಣ: ಅಂಥ ಮಾಂಸ ತಿಂದವನಿಗೆ ಜನರಿಂದ ಕಡಿದುಹಾಕುವ ದೈವಶಿಕ್ಷೆ, ಕಾರೇತ್. ಬೇಕೆಂದೇ ದೇವಾಲಯದ ಹೊರಗೆ ಬಲಿ ಕೊಯ್ದವನಿಗೂ ಅದೇ ಶಿಕ್ಷೆ.

ಹಾಗಂತ ಮನೆಯಲ್ಲಿ ಕುರಿ ಕೊಯ್ಯುವುದೇ ತಪ್ಪೆಂದು ತಿಳಿಯಬೇಡಿ. ಊಟಕ್ಕೆ ಕೊಯ್ಯುವುದು ಬೇರೆ, ಬಲಿ ಬೇರೆ. ಯಾಜಕಕಾಂಡ 17ರಂತೆ ಅರಣ್ಯದಲ್ಲಿ ದನ, ಕುರಿ, ಮೇಕೆ ಯಾವುದನ್ನು ಕೊಯ್ದರೂ ಗುಡಾರದ ಬಾಗಿಲಿಗೆ ತರಬೇಕಿತ್ತು. ದೇಶ ವಿಸ್ತಾರವಾದ ಮೇಲೆ ಇದು ಸಾಧ್ಯವಿಲ್ಲವೆಂದು ಧರ್ಮೋಪದೇಶಕಾಂಡವೇ ಸಡಿಲಿಸುತ್ತದೆ: ಊರಲ್ಲೇ ಕೊಯ್ದು ತಿನ್ನಿ, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿಯಿರಿ.

ಎಲೀಯನ ವಿಷಯ. ಅವನ ಕಾಲಕ್ಕೆ ದೇವಾಲಯ ನಿಂತಿತ್ತು, ಕರ್ಮೆಲಿನ ವೇದಿ ಸ್ಪಷ್ಟವಾಗಿ ನಿಯಮಬಾಹಿರ. ದೃಢಪಟ್ಟ ಪ್ರವಾದಿ ಒಂದು ಸಂದರ್ಭದ ಮಟ್ಟಿಗೆ ನಿಯಮವನ್ನು ಬದಿಗಿಡಬಹುದು, ಕಾಯಂ ಆಗಿ ರದ್ದು ಮಾಡುವಂತಿಲ್ಲ ಎಂದು ತಾಲ್ಮುದ್ ಈ ಘಟನೆಯನ್ನೇ ಮಾದರಿಯಾಗಿ ಹಿಡಿಯುತ್ತದೆ.

ನೆಲ ಅಗೆದರೆ ಸಿಗುವುದು ಬೇರೆ ಚಿತ್ರ. ಇಸ್ರೇಲಿನ ದಕ್ಷಿಣದ ಮರುಭೂಮಿ ನೆಗೆವಿನ ಅರಾದ್ ಕೋಟೆಯಲ್ಲಿ ಯೆಹೂದ ಅರಸರ ಕಾಲದ ಪುಟ್ಟ ದೇವಾಲಯವೇ ಇತ್ತು. ಅದರ ವೇದಿ ಮಣ್ಣು ಮತ್ತು ಕಾಡುಗಲ್ಲಿನದು, ಸುಮಾರು 2.5 ಮೀಟರ್ ಚೌಕ. ಅಂದರೆ ಗುಡಾರದ ವೇದಿಯ 5 ಮೊಳಕ್ಕೆ ಹತ್ತಿರ. ಬೇರ್ಷೆಬದಲ್ಲಿ ಕೊಂಬಿನ ವೇದಿಯೊಂದರ ಕಲ್ಲುಗಳು 1973ರಲ್ಲಿ ಉಗ್ರಾಣದ ಗೋಡೆಯೊಳಗೆ ಸಿಕ್ಕವು, ಅವು ಉಳಿಯಿಂದ ಕೆತ್ತಿದವು. ಒಂದು ಕಡೆ ಜಾಗ ತಪ್ಪು, ಕಲ್ಲು ಸರಿ. ಇನ್ನೊಂದು ಕಡೆ ಎರಡೂ ತಪ್ಪು. ಹಿಜ್ಕೀಯ ಮತ್ತು ಯೋಷೀಯ ಅರಸರು ಪೂಜಾಸ್ಥಳಗಳನ್ನು ಕೆಡವಿದರೆಂದು ಗ್ರಂಥ ಹೇಳುವುದೂ ಅವು ನಡೆಯುತ್ತಿದ್ದವು ಎಂಬುದಕ್ಕೆ ಸಾಕ್ಷಿಯೇ.

ನೈಲ್ ನದಿಯ ಎಲೆಫಂಟೈನ್ ದ್ವೀಪದ ಯೆಹೂದ್ಯರಿಗೂ ದೇವಾಲಯವಿತ್ತು. ಕ್ರಿ.ಪೂ. 410ರಲ್ಲಿ ಅದನ್ನು ಕೆಡವಲಾಯಿತು. ಮತ್ತೆ ಕಟ್ಟಲು 407ರಲ್ಲಿ ಯೆಹೂದದ ರಾಜ್ಯಪಾಲನಿಗೆ ಮನವಿ ಬರೆದರು. ಬಂದ ಒಪ್ಪಿಗೆಯಲ್ಲಿ ಧಾನ್ಯನೈವೇದ್ಯ, ಧೂಪ ಎಂದಷ್ಟೇ ಇದೆ, ಪ್ರಾಣಿಬಲಿಯ ಮಾತಿಲ್ಲ. ಮುಂದೆ ಅದೇ ಐಗುಪ್ತದ ಲಿಯೊಂಟೊಪೊಲಿಸಿನಲ್ಲಿ ಓನಿಯಸ್ ಎಂಬ ಯಾಜಕ ಕಟ್ಟಿಸಿದ ದೇವಾಲಯ ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 73ರ ಸುಮಾರಿನವರೆಗೆ ನಡೆಯಿತು. ಅಲ್ಲಿ ಸೇವೆ ಮಾಡಿದ ಯಾಜಕರನ್ನು ಮಿಷ್ನಾ ಅಂಗವೈಕಲ್ಯವುಳ್ಳ ಯಾಜಕರ ಸಾಲಿಗೆ ಸೇರಿಸುತ್ತದೆ: ಯೆರೂಸಲೇಮಿನಲ್ಲಿ ಪಾಲು ಸಿಗುತ್ತದೆ, ತಿನ್ನಬಹುದು, ವೇದಿ ಮುಟ್ಟುವಂತಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟ ಮೇಲೆ ಬಲಿ ನಿಂತಿತು. ಕಟ್ಟಡ ಇಲ್ಲದ್ದೇ ಕಾರಣವಲ್ಲ. ಅದಕ್ಕೂ ಹಿಂದೆ, ಮೊದಲ ದೇವಾಲಯ ಬಿದ್ದ ಮೇಲೆ, ಬಾಬೆಲಿನ ಸೆರೆಯಿಂದ ಮರಳಿದವರು ಹೊಸ ದೇವಾಲಯದ ಅಸ್ತಿವಾರಕ್ಕೂ ಮುಂಚೆ ವೇದಿ ಕಟ್ಟಿ ಬಲಿ ಕೊಟ್ಟಿದ್ದರು, ಕಟ್ಟಡವಿಲ್ಲದೆಯೂ ಕೊಡಬಹುದೆಂಬ ಮಾತು ಮಿಷ್ನಾದಲ್ಲೂ ಇದೆ. ತೊಡಕು ಎರಡು ಕಡೆ. ವೇದಿಯ ಜಾಗ ಅಳತೆಗೆ ಸರಿಯಾಗಿ ಅದೇ ಆಗಿರಬೇಕು, ಬದಲಿಸುವಂತಿಲ್ಲ ಎಂದು ಮಧ್ಯಯುಗದ ಯೆಹೂದ್ಯ ಧರ್ಮಪಂಡಿತ ಮೈಮೊನಿಡೀಸ್ ಬರೆದಿದ್ದಾನೆ. ಶವದ ಸಂಪರ್ಕದಿಂದ ಅಂಟುವ ಮೈಲಿಗೆ ಕಳೆಯಲು ವಿಧಿಯಂತೆ ಸುಟ್ಟ ಕೆಂಪು ಹಸುವಿನ ಬೂದಿ ಬೇಕು, ಅದು ಇಲ್ಲ.

ಆದರೂ ‘ಎಲ್ಲೂ ಕೊಡುವುದಿಲ್ಲ’ ಎಂಬ ನಿಮ್ಮ ಮಾತಿಗೆ ಒಂದು ತಿದ್ದುಪಡಿ. ತಮ್ಮನ್ನು ಇಸ್ರಾಯೇಲಿನ ಸಂತತಿಯೆಂದೇ ಕರೆದುಕೊಳ್ಳುವ ಸಮಾರ್ಯದವರು ನಾಬ್ಲಸ್ ಬಳಿಯ ಗೆರಿಜ್ಜೀಮ್ ಬೆಟ್ಟದಲ್ಲಿ ಇಂದಿಗೂ ಪ್ರತಿವರ್ಷ ಪಸ್ಕದ ಕುರಿ ಕೊಯ್ಯುತ್ತಾರೆ. ಅವರ ಪಾಲಿಗೆ ಆ ಒಂದೇ ಸ್ಥಳ ಯೆರೂಸಲೇಮ್ ಅಲ್ಲ, ಗೆರಿಜ್ಜೀಮ್. ಯೆಹೂದ್ಯರ ಧರ್ಮೋಪದೇಶಕಾಂಡದಲ್ಲಿ ‘ದೇವರು ಆರಿಸಿಕೊಳ್ಳುವ ಸ್ಥಳ’ ಎಂದಿದ್ದರೆ ಅವರ ಪ್ರತಿಯಲ್ಲಿ ‘ಆರಿಸಿಕೊಂಡ ಸ್ಥಳ’ ಎಂದಿದೆ. ಹೀಬ್ರೂವಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರದ್ದು.