ಪೈಲಟ್‌ಗೆ ಯಾವ ತರಬೇತಿ ಜಾಸ್ತಿ ಬೇಕು?

ಪ್ರಶ್ನೆ: ನನ್ನ ಮಗಳು ಪೈಲಟ್ ಆಗಲು ಓದುತ್ತಿದ್ದಾಳೆ. ಆಟೊಪೈಲಟ್ ಬಂದ ಮೇಲೆ ಪೈಲಟ್‌ಗಳಿಗೆ ಕೈಯಲ್ಲಿ ವಿಮಾನ ಹಾರಿಸುವ ಅಭ್ಯಾಸವೇ ತಪ್ಪುತ್ತಿದೆ ಅನ್ನುತ್ತಾರೆ. ಹಾಗಿದ್ದರೆ ತಂಡವಾಗಿ ಕೆಲಸ ಮಾಡುವುದನ್ನು ಕಲಿಸುವ ಕ್ಲಾಸುಗಳನ್ನು ಕಡಿಮೆ ಮಾಡಿ, ಆ ಸಮಯವನ್ನು ಹಾರಾಟಕ್ಕೇ ಕೊಡಬಾರದೇ?

ಉತ್ತರ: ನಿಮ್ಮ ಆತಂಕ ನಿಜವಾದದ್ದು. ಆದರೆ ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಕೊಡುವುದನ್ನು ನಾನು ಒಪ್ಪುವುದಿಲ್ಲ.

2010ರ ಮೇ 22ರ ಮಂಗಳೂರು ದುರಂತವನ್ನೇ ನೋಡಿ. ಕ್ಯಾಪ್ಟನ್‌ಗೆ 10,000 ಗಂಟೆಗೂ ಮೀರಿದ ಅನುಭವ ಇತ್ತು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. 'ಗೋ ಅರೌಂಡ್', ಅಂದರೆ ಇಳಿಯುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 158 ಜನ ಹೋದರು. ಕೋ-ಪೈಲಟ್ ತಾವೇ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ. ಹಾಗೆ ಮಾಡಬಹುದೇ ಎಂಬ ಬಗ್ಗೆ ಸೂಚನೆಗಳೇ ಗೊಂದಲವಾಗಿದ್ದಿರಬಹುದು ಎಂದಿತು ತನಿಖಾ ವರದಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು, 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ಆಟೊಪೈಲಟ್ ಬಿಟ್ಟುಕೊಟ್ಟಿತು. ಹಾರಿಸುತ್ತಿದ್ದ ಪೈಲಟ್ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದರು. ಮೂತಿ ಮೇಲಾಗಿ, ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋದವು. ತಾನೇನು ಮಾಡುತ್ತಿದ್ದೇನೆಂದು ಅವರು ಸ್ಪಷ್ಟವಾಗಿ ಹೇಳಲಿಲ್ಲ, ಪಕ್ಕದವರಿಗೆ ಅದು ಕಾಣಲೂ ಇಲ್ಲ. ಐದು ನಿಮಿಷದೊಳಗೆ ಎಲ್ಲ ಮುಗಿದಿತ್ತು. ಸತ್ತವರು 228 ಜನ.

ಅಲ್ಲಿ ಮೊದಲು ತಪ್ಪಿದ್ದು ಕೈ. ಕೈಗೆ ಧೈರ್ಯ ಇಲ್ಲದಿದ್ದರೆ ಮನಸ್ಸೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಪಕ್ಕದವರ ಮಾತು ಕಿವಿಗೆ ಬೀಳುವುದಿಲ್ಲ. ಹಾರಿಸುವುದು ಅಭ್ಯಾಸವಾಗಿದ್ದರೇ ತಂಡಕ್ಕೆ ಕೊಡಲು ತಲೆಯಲ್ಲಿ ಜಾಗ ಉಳಿಯುವುದು.

ಹಾಗಾಗಿ ಎರಡನ್ನೂ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ಅಣಕು ವಿಮಾನದಲ್ಲಿ, ಒಟ್ಟಿಗೇ ಕಲಿಸಬೇಕು. ವೇಗ ತೋರಿಸುವ ಪರದೆ ಆರಿಸಿ, ಆಟೊಪೈಲಟ್ ತೆಗೆದುಬಿಡಿ. ಒಬ್ಬರು ಮೂತಿಯ ಕೋನ ಮತ್ತು ಎಂಜಿನ್ ಶಕ್ತಿ ನೋಡಿಕೊಂಡು ಹಾರಿಸಲಿ, ಇನ್ನೊಬ್ಬರು ಕಂಡದ್ದನ್ನು ಜೋರಾಗಿ ಹೇಳಲಿ. ಆಮೇಲೆ ಅದಲುಬದಲು. ಸುಮ್ನೆ ಕ್ಲಾಸಿನಲ್ಲಿ ಸ್ಲೈಡ್ ತೋರಿಸಿದರೆ ಈ ಅಭ್ಯಾಸ ಬರುವುದಿಲ್ಲ.

ನಿಜವಾದ ಹಾರಾಟದಲ್ಲೂ ಕೈಯಲ್ಲಿ ಹಾರಿಸಲು ಅವಕಾಶ ಬೇಕು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2013ರ ಜನವರಿಯಲ್ಲೇ ಇದನ್ನು ಪ್ರೋತ್ಸಾಹಿಸಿ ಎಂದು ಕಂಪನಿಗಳಿಗೆ ಹೇಳಿತು. ಆದರೆ ಒಬ್ಬರು ಕೈಯಲ್ಲಿ ಹಾರಿಸುವಾಗ ಇನ್ನೊಬ್ಬರ ಕೆಲಸ ಜಾಸ್ತಿಯಾಗುತ್ತದೆ: ರೇಡಿಯೊ, ಸೆಟ್ಟಿಂಗ್, ನಿಗಾ ಎಲ್ಲ ಅವರದೇ. ಹವಾಮಾನ ಕೆಟ್ಟಿದ್ದಾಗ, ಇಬ್ಬರೂ ದಣಿದಿದ್ದಾಗ ಇದು ಬೇಡ.

ಮಗಳು ಕೆಲಸಕ್ಕೆ ಸೇರುವಾಗ ಕಂಪನಿಯಲ್ಲಿ ಎರಡು ವಿಷಯ ಕೇಳಲಿ. ಕೈಯಲ್ಲಿ ಹಾರಿಸಲು ಯಾವಾಗ ಅನುಮತಿ ಇದೆ? ಕ್ಯಾಪ್ಟನ್ ಕೇಳದಿದ್ದರೆ ಎಷ್ಟನೇ ಸಲಕ್ಕೆ ಕೋ-ಪೈಲಟ್ ಕಂಟ್ರೋಲ್ ತೆಗೆದುಕೊಳ್ಳಬೇಕು?