ಬಿ.ಕಾಂ. ಓದಿದವರು ಇಂಗ್ಲೆಂಡಿಗೆ ಹೋಗಿ ರಿಯಲ್ ಎಸ್ಟೇಟ್ ಎಂ.ಎಸ್‌ಸಿ. ಮಾಡಿದರೆ ಪ್ರಯೋಜನವಿದೆಯೇ?

ಬಿ.ಕಾಂ. ಮುಗಿಸಿ ಬೆಂಗಳೂರಿನ ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೀರಿ, ಸಿವಿಲ್ ಎಂಜಿನಿಯರಿಂಗ್ ಓದಿಲ್ಲ, ಮನೆಯವರು ‘ಸೈಟು ಮಾರುವುದಕ್ಕೆ ಎಂ.ಎಸ್‌ಸಿ. ಬೇಕೇ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮನೆಯವರ ಮಾತು ಸರಿಯಾಗಿಯೇ ಇದೆ. ಸೈಟು ಮಾರುವುದಕ್ಕೆ ಬೇಡ, ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ಏಜೆಂಟರಾಗಿ ನೋಂದಾಯಿಸಿಕೊಂಡರೆ ಸಾಕು. ಆದರೆ ಈ ಕೋರ್ಸಿನಲ್ಲಿ ಕಲಿಸುವುದು ಮಾರಾಟವನ್ನಲ್ಲ. ನಾನು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಈಗ ಬೆಂಗಳೂರಿನಲ್ಲಿ ಕಚೇರಿ ಕಟ್ಟಡಗಳ ಮೌಲ್ಯಮಾಪನದ ತಂಡದಲ್ಲಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ಸಿವಿಲ್ ಓದಿಲ್ಲವೆಂಬ ಅಂಜಿಕೆ ಬೇಡ. ಅಲ್ಲಿನ ಒಂದು ವರ್ಷದ ಎಂ.ಎಸ್‌ಸಿ.ಗಳಲ್ಲಿ ಹಲವು ಬೇರೆ ವಿಷಯದಿಂದ ಬರುವವರಿಗಾಗಿಯೇ ರೂಪಿಸಿದವು. ಇತಿಹಾಸ, ಭೂಗೋಳ ಓದಿದವರೂ ಸೇರುತ್ತಾರೆ. ಲೆಕ್ಕಪತ್ರ ಬಲ್ಲ ನೀವು ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತೀರಿ.

ಕೋರ್ಸಿನ ತಿರುಳು ಏನೆಂದರೆ ಬಾಡಿಗೆಯಿಂದ ಬೆಲೆ ಹುಟ್ಟಿಸುವ ಲೆಕ್ಕ. ಒಂದು ಅಂಗಡಿ ಕಟ್ಟಡಕ್ಕೆ ವರ್ಷಕ್ಕೆ 1 ಲಕ್ಷ ಪೌಂಡ್ ಬಾಡಿಗೆ ಬರುತ್ತದೆ ಎಂದುಕೊಳ್ಳಿ. ಹೂಡಿಕೆದಾರನಿಗೆ ಶೇ 5ರ ಪ್ರತಿಫಲ ಸಾಕೆಂದಾದರೆ, ಖರೀದಿಯ ಖರ್ಚುಗಳನ್ನು ಬದಿಗಿಟ್ಟು, ಅದರ ಬೆಲೆ 20 ಲಕ್ಷ ಪೌಂಡ್. ಶೇ 6 ಬೇಕೆಂದರೆ ಸುಮಾರು 16.67 ಲಕ್ಷ. ಗೋಡೆ ಅದೇ, ಬಾಡಿಗೆ ಅದೇ, ಬೆಲೆಯಲ್ಲಿ ಮಾತ್ರ ಮೂರು ಲಕ್ಷಕ್ಕೂ ಹೆಚ್ಚಿನ ವ್ಯತ್ಯಾಸ. ಆ ಒಂದು ಶೇಕಡವನ್ನು ಸಮರ್ಥಿಸುವುದರಲ್ಲೇ ವರ್ಷದ ಓದಿನ ದೊಡ್ಡ ಪಾಲು ಕಳೆಯುತ್ತದೆ. ಬಾಡಿಗೆದಾರನ ಹಣಕಾಸಿನ ಸ್ಥಿತಿ ಹೇಗಿದೆ, ಲೀಸ್ ಮುಗಿಯಲು ಇನ್ನೆಷ್ಟು ವರ್ಷವಿದೆ, ಸೂರು ಸೋರಿದರೆ ದುರಸ್ತಿ ಯಾರ ಹೊಣೆ, ಮಾಲೀಕ-ಬಾಡಿಗೆದಾರರ ಕುರಿತ 1954ರ ಕಾಯ್ದೆಯಡಿ ಲೀಸ್ ನವೀಕರಣ ಕೇಳುವ ಹಕ್ಕು ಬಾಡಿಗೆದಾರನಿಗೆ ಇದೆಯೇ, ಕಟ್ಟಡದ ಇಂಧನ ದಕ್ಷತೆಯ ದರ್ಜೆ ಏನು? ಕೊನೆಯದನ್ನು ಹಗುರವಾಗಿ ಕಾಣಬೇಡಿ. ವಿನಾಯಿತಿ ಇಲ್ಲದಿದ್ದರೆ, ‘ಇ’ ದರ್ಜೆಗಿಂತ ಕೆಳಗಿರುವ ವಾಣಿಜ್ಯ ಕಟ್ಟಡವನ್ನು 2023ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಡುವಂತಿಲ್ಲ, ಕೊಟ್ಟದ್ದನ್ನು ಮುಂದುವರಿಸುವಂತೆಯೂ ಇಲ್ಲ.

ಅಳತೆಯಲ್ಲೂ ಅಷ್ಟೇ ಶಿಸ್ತು. ಲೇಸರ್ ಅಳತೆಯಂತ್ರ ಹಿಡಿದು ಕಚೇರಿಯೊಳಗೆ ಹೋದರೆ ಶೌಚಾಲಯ, ಲಿಫ್ಟ್, ಮೆಟ್ಟಿಲು, ಕಂಬ ಎಲ್ಲವನ್ನೂ ಕಳೆದು, ಬಳಸಬಹುದಾದ ನೆಲವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲನ್ನೂ ಸೇರಿಸುವ ‘ಸೂಪರ್ ಬಿಲ್ಟ್‌ಅಪ್’ ಲೆಕ್ಕದಲ್ಲಿ ಬೆಳೆದ ನಮಗೆ ಮೊದಲು ಇದು ಜಿಪುಣತನದಂತೆ ಕಾಣುತ್ತದೆ.

ಅಲ್ಲಿ ಕಲಿಸದ ಸಂಗತಿಯೂ ಒಂದಿದೆ, ಇಲ್ಲಿ ಅನ್ನ ಹುಟ್ಟುವುದೇ ಅದರಿಂದ. ಅದು ಹಕ್ಕಿನ ಪರಿಶೀಲನೆ. ಇಂಗ್ಲೆಂಡಿನಲ್ಲಿ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ, ಅದಕ್ಕೆ ಸರ್ಕಾರದ ಖಾತರಿ ಇದೆ. ನಮ್ಮಲ್ಲಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನಲ್ಲ. ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂಬುದನ್ನು ನೀವೇ ಹುಡುಕಿಕೊಳ್ಳಬೇಕು. ಪಹಣಿ, ಮ್ಯುಟೇಶನ್, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ (ಸರ್ವೆ ನಂಬರಿನ ವಿಭಜನೆ), ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ, ವಂಶವೃಕ್ಷ ಒಂದೊಂದನ್ನೂ ಮತ್ತೊಂದಕ್ಕೆ ತಾಳೆ ನೋಡಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಅಂಥ ಪರಭಾರೆಯನ್ನು ಅಸಿಂಧುವೆನ್ನುವ 1978ರ ಪಿಟಿಸಿಎಲ್ ಕಾಯ್ದೆ ಎದುರಾಗುತ್ತದೆ. ಇದಾವುದರ ಬಗ್ಗೆಯೂ ರೆಡಿಂಗ್‌ನಲ್ಲಿ ನಾನು ಒಂದು ಮಾತೂ ಕೇಳಲಿಲ್ಲ, ಕೇಳಬೇಕೆಂದು ನಿರೀಕ್ಷಿಸುವುದೂ ತಪ್ಪು.

ಈಗ ನಿಮ್ಮ ನಿರ್ಧಾರಕ್ಕೆ ನೇರವಾಗಿ ತಟ್ಟುವ ವಿಷಯ. ಭಾರತದಲ್ಲಿ ಕಂಪನಿ ಕಾಯ್ದೆ ಮತ್ತು ದಿವಾಳಿ ಸಂಹಿತೆಯಡಿ ಆಸ್ತಿಯ ಬೆಲೆಗೆ ಸಹಿ ಹಾಕುವವರು ನೋಂದಾಯಿತ ಮೌಲ್ಯಮಾಪಕರಾಗಿರಬೇಕು. 2017ರ ನಿಯಮಗಳ ಪ್ರಕಾರ ‘ಭೂಮಿ ಮತ್ತು ಕಟ್ಟಡ’ ವರ್ಗಕ್ಕೆ ಸಿವಿಲ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿಯೊಂದಿಗೆ ಐದು ವರ್ಷದ ಅನುಭವ ಬೇಕು. ಸ್ನಾತಕೋತ್ತರ ಪದವಿ ಇದ್ದರೆ ಮೂರು ವರ್ಷ ಸಾಕು, ಆದರೆ ಸ್ಥಿರಾಸ್ತಿ ಮೌಲ್ಯಮಾಪನದ ಸ್ನಾತಕೋತ್ತರ ಪದವಿ ಎಂದಾಗ ನಿಯಮ ಹೇಳುವುದು ಎರಡು ವರ್ಷದ ಪೂರ್ಣಾವಧಿ ಕೋರ್ಸನ್ನು. ಬಿ.ಕಾಂ. ಮೇಲೆ ಮಾಡಿದ ಒಂದು ವರ್ಷದ ಇಂಗ್ಲಿಷ್ ಎಂ.ಎಸ್‌ಸಿ. ಈ ಚೌಕಟ್ಟಿಗೆ ಹೊಂದುವುದಿಲ್ಲ. ಸಹಿಯ ಅಧಿಕಾರವೇ ನಿಮ್ಮ ಗುರಿಯಾಗಿದ್ದರೆ ಗುಜರಾತಿನ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಸ್ಥಿರಾಸ್ತಿ ಮೌಲ್ಯಮಾಪನದ ಸ್ನಾತಕೋತ್ತರ ಕೋರ್ಸನ್ನು ಮೊದಲು ವಿಚಾರಿಸಿ. ಖರ್ಚೂ ಇಂಗ್ಲೆಂಡಿನದಕ್ಕೆ ಹೋಲಿಸುವಂಥದ್ದಲ್ಲ. ಏಜೆಂಟರು ನಡೆಸುವ ಶಿಕ್ಷಣ ಮೇಳಗಳಲ್ಲಿ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾದರೆ ಇಂಗ್ಲೆಂಡಿಗೆ ಯಾರು ಹೋಗಬೇಕು? ಬಾಡಿಗೆ ಆದಾಯವಿರುವ ದೊಡ್ಡ ಕಟ್ಟಡಗಳಲ್ಲಿ ಬಂಡವಾಳ ಹೂಡುವ, ಅವಕ್ಕೆ ಸಾಲ ಕೊಡುವ, ಅವನ್ನು ನಿರ್ವಹಿಸುವ ಸಂಸ್ಥೆಗಳಲ್ಲಿ ಕೆಲಸ ಮಾಡಬೇಕೆನ್ನುವವರು. ದೇಶದ ಮೊದಲ ರೀಟ್ (ಹಲವರ ಹಣ ಒಟ್ಟುಗೂಡಿಸಿ ಬಾಡಿಗೆ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್) 2019ರಲ್ಲಿ ಷೇರುಪೇಟೆಗೆ ಬಂದದ್ದು ಬೆಂಗಳೂರಿನಿಂದಲೇ. ರೀಟ್‌ಗಳ ಆಸ್ತಿಯನ್ನು ಪ್ರತಿವರ್ಷ ಮೌಲ್ಯಮಾಪನ ಮಾಡಿಸಲೇಬೇಕು. ಸಹಿ ಬೇರೆಯವರದ್ದಾದರೂ ಅದರ ಹಿಂದೆ ಲೀಸ್ ಓದಿ ನಗದು ಹರಿವಿನ ಲೆಕ್ಕ ಕಟ್ಟುವ ತಂಡ ಬೇಕು. ಅಲ್ಲಿ ನಿಮಗೆ ಜಾಗವಿದೆ.

ಹೋಗುವುದಾದರೆ ರಿಕ್ಸ್ ಮಾನ್ಯತೆ ಇರುವ ಕೋರ್ಸಿಗೇ ಹೋಗಿ. ಇದು 1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸರ್ವೇಯರುಗಳ ವೃತ್ತಿಸಂಸ್ಥೆ. ಪದವಿ ಬಂದ ಕೂಡಲೇ ಸದಸ್ಯತ್ವ ಬರುವುದಿಲ್ಲ. ಹೊಸಬರಿಗೆ ಸಾಮಾನ್ಯವಾಗಿ 24 ತಿಂಗಳ ತರಬೇತಿಯ ದಾಖಲೆ, 3,000 ಪದಗಳ ಪ್ರಕರಣ ವರದಿ, ಕೊನೆಗೆ ಒಂದು ಗಂಟೆಯ ಸಂದರ್ಶನ ಇರುತ್ತದೆ. ಇದನ್ನು ಭಾರತದಲ್ಲಿದ್ದುಕೊಂಡೂ ಮಾಡಬಹುದು. ಇದನ್ನೇಕೆ ಒತ್ತಿ ಹೇಳುತ್ತಿದ್ದೇನೆಂದರೆ, ಓದಿನ ನಂತರ ಅಲ್ಲಿ ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ವೀಸಾ ಅವಧಿಯನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸುವುದಾಗಿ ಬ್ರಿಟನ್ ಘೋಷಿಸಿದೆ. ಅಲ್ಲೇ ಕೆಲಸ ಸಿಕ್ಕಿ ಸಾಲ ತೀರುತ್ತದೆ ಎಂಬ ಲೆಕ್ಕದ ಮೇಲೆ ಮನೆ ಪತ್ರ ಅಡವಿಡಬೇಡಿ. ಬೆಂಗಳೂರಿನ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವಾದರೆ ಮಾತ್ರ ಹೋಗಿ.

ತೀರ್ಮಾನ ಯಾವುದೇ ಆಗಲಿ, ನಿಮ್ಮ ಮೇಜಿನ ಮೇಲೆ ಬರುವ ಪ್ರತಿ ಸಾಲದ ಕಡತದಲ್ಲೂ ವಕೀಲರ ಅಭಿಪ್ರಾಯ ಮತ್ತು ಮೌಲ್ಯಮಾಪಕರ ವರದಿ ಇರುತ್ತದೆ. ಮೊದಲ ಪುಟದ ಮೊತ್ತ ನೋಡಿ ಪಕ್ಕಕ್ಕಿಡದೆ ಪೂರ್ತಿ ಓದಿ. ಆ ಬೆಲೆಗೆ ಯಾವ ಹೋಲಿಕೆಯ ಮಾರಾಟಗಳನ್ನು ಆಧಾರವಾಗಿ ಕೊಟ್ಟಿದ್ದಾರೆ, ವಕೀಲರು ಯಾವ ದಾಖಲೆ ಸಾಲದೆಂದು ವಾಪಸ್ ಕಳುಹಿಸಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾ ಹೋಗಿ.